ಎಣ್ಣೆ ಬಿದ್ದರೆ ಕೆಲಸ ಓಡುವುದಿಲ್ಲ

ಪಾಳ್ಯ ಹೋಬಳಿಯ ಕಾಫಿ ತೋಟಗಳಲ್ಲಿ ಒಂದು ಮಾತು ಸಲೀಸಾಗಿ ಓಡಾಡುತ್ತದೆ: ‘ಸ್ವಲ್ಪ ಎಣ್ಣೆ ಬಿದ್ರೆ ಆಳು ಚುರುಕಾಗ್ತಾನೆ.’ ಮಾಲೀಕರು ಹೇಳುತ್ತಾರೆ, ರೈಟರು ಹೇಳುತ್ತಾರೆ, ಆಳೂ ಹೇಳುತ್ತಾನೆ. ಮೂವರೂ ಹೇಳಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಮೆಣಸಿನ ಕೊಯ್ಲಿಗೆ, ನೆರಳುಮರಗಳ ಕೊಂಬೆ ಸವರುವ ಮರಗಸಿಗೆ ಜನ ಸಿಗುವುದಿಲ್ಲವೆಂಬ ನೆಪದಲ್ಲಿ ನಾವೆಲ್ಲ ಸೇರಿ ಸಾಕಿಕೊಂಡಿರುವ ಸುಳ್ಳು ಅದು.

ಮೆಣಸು ಕೊಯ್ಯುವವನನ್ನು ಮರದ ಬುಡದಲ್ಲಿ ನಿಂತು ನೋಡಿ. ಸಿಲ್ವರ್ ಮರಕ್ಕೆ ಒರಗಿಸಿದ ಏಣಿ, ಎತ್ತರದಲ್ಲಿ ಒಂದೇ ಮೆಟ್ಟಿಲ ಮೇಲೆ ಎರಡು ಪಾದ, ಸೊಂಟಕ್ಕೆ ಚೀಲ, ಒಂದು ಕೈ ಏಣಿಯ ಮೇಲೆ, ಇನ್ನೊಂದು ಬಳ್ಳಿಯೊಳಗೆ. ಎಟುಕದ ಗೊಂಚಲಿಗಾಗಿ ಆತ ವಾಲಿದಾಗ ಅವನನ್ನು ಬೀಳದಂತೆ ಹಿಡಿಯುವುದು ಮಿದುಳಿನ ಹಿಂಭಾಗದ ಸಮತೋಲ. ಮದ್ಯ ಕೆಡಿಸುವುದು ಅದನ್ನೇ. ಜೊತೆಗೆ ಅಂಜಿಕೆಯನ್ನೂ ಅಳಿಸುತ್ತದೆ. ಅದಕ್ಕೆ ನಾವು ಧೈರ್ಯವೆಂದು ಹೆಸರಿಟ್ಟಿದ್ದೇವೆ. ಅಲ್ಯೂಮಿನಿಯಂ ಏಣಿಯನ್ನು ಇನ್ನೊಂದು ಮರಕ್ಕೆ ಸಾಗಿಸುವಾಗ ಮೇಲೆ ಕರೆಂಟ್ ತಂತಿ ಇದೆಯೇ ಎಂದು ಕತ್ತೆತ್ತಿ ನೋಡಿಸುವುದು ಆ ಅಂಜಿಕೆಯೇ. ಏಣಿ ತಂತಿಗೆ ತಗುಲಿ ಸತ್ತವರ ಸುದ್ದಿ ಮಲೆನಾಡಿಗೆ ಹೊಸದೇನಲ್ಲ.

‘ಜಡಿಮಳೆಯಲ್ಲಿ ಮೈ ಬೆಚ್ಚಗಿರಬೇಡವೇ?’ ಎನ್ನುತ್ತಾರೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಕ್ಕೆ ಬಿಡುತ್ತದೆ. ಬೆಚ್ಚಗಾಯಿತೆಂದು ಅನಿಸುವ ಹೊತ್ತಿಗೇ ದೇಹ ತಣ್ಣಗಾಗುತ್ತಿರುತ್ತದೆ. ದಣಿವೂ ಹಾಗೆಯೇ: ಅದು ಮೈಯಲ್ಲೇ ಉಳಿದಿರುತ್ತದೆ, ಗೊತ್ತಾಗುವುದಿಲ್ಲ ಅಷ್ಟೆ. ಚಳಿಗಾಳಿಯ ಕಡಲಲ್ಲಿ ನಾವಿಕರಿಗೆ ತಲೆಮಾರುಗಳಿಂದ ದಿನವೂ ರಮ್ ಅಳೆದು ಕೊಡುತ್ತಿದ್ದ ಬ್ರಿಟನ್ನಿನ ನೌಕಾಪಡೆಯೇ, ಸೂಕ್ಷ್ಮ ಯಂತ್ರ ನಡೆಸುವ ಕೈಗೆ ಇದು ಆಗದೆಂದು 1970ರ ಜುಲೈ 31ರಂದು ಆ ಪದ್ಧತಿಯನ್ನು ಕೈಬಿಟ್ಟಿತು. ಕಳೆ ಕೊಚ್ಚುವ ಯಂತ್ರವನ್ನು ಹೆಗಲಿಗೆ ತೂಗಿಕೊಂಡು ಇಳಿಜಾರಿನಲ್ಲಿ ನಿಂತವನಿಗೆ ಮಾತ್ರ ನಾವು ಇನ್ನೂ ಮದ್ಯದ ಪ್ಯಾಕೆಟ್ ಕೊಡುತ್ತೇವೆ.

ಕೂಲಿಯ ಜೊತೆ ಕ್ವಾರ್ಟರ್ ಸೇರಿಸುವ ಮಾಲೀಕರಿಗೆ ನೇರವಾಗಿ ಹೇಳುತ್ತೇನೆ. ಇದು ಉಪಕಾರವಲ್ಲ. ದಕ್ಷಿಣ ಆಫ್ರಿಕಾದ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಭಾಗವನ್ನು ವೈನ್ ರೂಪದಲ್ಲೇ ಕೊಡುವ ‘ಡಾಪ್’ ಪದ್ಧತಿಯಿತ್ತು. ಅದು ಬೆಳೆಸಿದ ಕುಡಿತದ ಹಾನಿಯನ್ನು ಕೂಲಿಗಾರರ ಮಕ್ಕಳು ಗರ್ಭದಿಂದಲೇ ಹೊತ್ತು ಹುಟ್ಟಿದರು. ನಮ್ಮ ಕಾನೂನನ್ನೂ ಓದಿಕೊಳ್ಳಿ. ಕಾರ್ಮಿಕರ ಪರಿಹಾರದ ಕಾನೂನಿನ ಪ್ರಕಾರ, ಅಮಲಿನ ಕಾರಣದಿಂದ ಗಾಯಗೊಂಡವನಿಗೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಹೊರತು, ಮಾಲೀಕ ಪರಿಹಾರ ಕೊಡಬೇಕಿಲ್ಲ. ಕುಡಿಸಿ ಏಣಿ ಹತ್ತಿಸುವುದು, ಬಿದ್ದ ಮೇಲೆ ‘ಕುಡಿದಿದ್ದ’ ಎನ್ನುವುದು: ಇದಕ್ಕಿಂತ ನಾಚಿಕೆಗೇಡು ಬೇರೆ ಇದೆಯೇ?

ದುಡಿಯುವ ಅಣ್ಣಂದಿರೇ, ನಿಮಗೂ ಒಂದು ಮಾತು. ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ನೀವು ಪ್ಯಾಕೆಟ್ ಹಿಡಿದಿರಿ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಯಾವ ಹೊತ್ತಿಗೆ ಎದುರಾಗುತ್ತದೆಂದು ಹೇಳಲಾಗದು. ಕಾಫಿ ಗಿಡಗಳ ಮರೆಯಲ್ಲಿ ಕೊಂಬೆ ಮುರಿದ ಸದ್ದಿಗೆ ಕಿವಿಗೊಡಬೇಕು, ಲದ್ದಿಯ ವಾಸನೆ ಹಿಡಿಯಬೇಕು, ತಟ್ಟನೆ ಹಿಂದಿರುಗಬೇಕು. ಅಮಲಿನಲ್ಲಿ ಈ ಮೂರೂ ಆಗುವುದಿಲ್ಲ. ಲೈನ್ ಮನೆಯಲ್ಲಿ ಕಾಯುತ್ತಿರುವವರಿಗೆ ನಿಮ್ಮ ಚುರುಕು ಬೇಕಿಲ್ಲ, ನೀವು ಬೇಕು.

ಮಾಡಬೇಕಾದ್ದು ಕಷ್ಟದ್ದಲ್ಲ. ಕೂಲಿಯನ್ನು ಪೂರ್ತಿ ಹಣವಾಗಿ ಕೊಡಿ. ಹತ್ತು ಗಂಟೆಗೆ ಬಿಸಿ ಕಾಫಿ, ತಿಂಡಿ ಕೊಡಿ. ಮಳೆಗಾಲಕ್ಕೆ ಗಟ್ಟಿ ರೈನ್‌ಕೋಟ್, ಮರ ಹತ್ತುವವನಿಗೆ ಸೊಂಟದ ಬೆಲ್ಟು ಕೊಡಿಸಿ. ಬೆಳಿಗ್ಗೆ ಬಾಯಿ ವಾಸನೆ ಬಂದರೆ ಅಂದು ಏಣಿ, ಕತ್ತಿ, ಯಂತ್ರ ಯಾವುದನ್ನೂ ಕೈಗೆ ಕೊಡದೆ ಮನೆಗೆ ಕಳಿಸಿ. ಚಟ ಮೀರಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ದಿನದ ಕೊಯ್ಲು ತಪ್ಪಿದರೆ ಮೆಣಸು ನಾಳೆಯವರೆಗೂ ಬಳ್ಳಿಯಲ್ಲಿರುತ್ತದೆ. ಅಷ್ಟು ನಷ್ಟ ತಡೆಯಲಾರದವರು ತೋಟ ಮಾಡುವ ಯೋಗ್ಯತೆಯ ಮಾತಾಡಬಾರದು.