ಕಸಿದ ಕೆಲಸಕ್ಕೆ ಹಣದ ಬೆಲೆ

ಕಳೆದ ತಿಂಗಳು ಪರಿಚಿತ ದಂಪತಿಗಳು ನಮ್ಮ ಮನೆಗೆ ಬಂದಿದ್ದರು. ನೂಲಿನ ಗಿರಣಿಯೊಂದರಲ್ಲಿ ಹದಿನಾರು ವರ್ಷ ದುಡಿದ ಆ ಗೃಹಸ್ಥರನ್ನು, ನೂಲು ಕದ್ದರೆಂಬ ಆಪಾದನೆ ಹೊರಿಸಿ, ವಿಚಾರಣೆಯನ್ನೇ ನಡೆಸದೆ ವಜಾ ಮಾಡಲಾಗಿತ್ತು. ಒಂಬತ್ತು ವರ್ಷಗಳ ವ್ಯಾಜ್ಯದ ತರುವಾಯ ಕಾರ್ಮಿಕ ನ್ಯಾಯಾಲಯವು ಆಪಾದನೆ ಸಿದ್ಧವಾಗಿಲ್ಲವೆಂದು ಹೇಳಿ, ಅವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಂಡು ಅರ್ಧದಷ್ಟು ಹಿಂಬಾಕಿ ವೇತನವನ್ನು ಕೊಡಬೇಕೆಂದು ಆಜ್ಞಾಪಿಸಿದೆ. ಗಿರಣಿಯವರಾದರೋ ಉಚ್ಚ ನ್ಯಾಯಾಲಯಕ್ಕೆ ಹೋಗುವ ಭಯ ತೋರಿಸುತ್ತಲೇ, ಆರು ಲಕ್ಷ ರೂಪಾಯಿ ಪಡೆದು ರಾಜಿಯಾಗಿರೆಂದು ಹೇಳಿ ಕಳುಹಿಸಿದ್ದಾರೆ. ಗೃಹಿಣಿಗೆ ಹಣ ಬಂದರೆ ಸಾಲ ತೀರೀತೆಂಬ ಆಸೆ. ಗೃಹಸ್ಥರಿಗೆ, ಕಳ್ಳನೆಂದು ಹೊರದೂಡಿದ ಬಾಗಿಲಿನಿಂದಲೇ ಒಳಗೆ ಹೋಗಬೇಕೆಂಬ ಹಟ.

ನಾನು ವಕೀಲನಲ್ಲ. ಮಠದ ಪಾಠಶಾಲೆಯಲ್ಲಿ ತರ್ಕಶಾಸ್ತ್ರವನ್ನೋದಿದ ಚಪಲದಿಂದ ತೀರ್ಪುಗಳನ್ನು ಓದುವವನು, ಅಷ್ಟೆ. ಆದರೂ ತಿಳಿದಷ್ಟನ್ನು ಹೇಳಿದೆ.

ಅನ್ಯಾಯವಾಗಿ ಕಳೆದುಕೊಂಡ ಕೆಲಸವು ಮರಳಿ ದೊರೆಯಬೇಕೆಂಬುದೇ ನಮ್ಮ ದೇಶದ ಕಾರ್ಮಿಕ ನ್ಯಾಯದ ಮೂಲಸೂತ್ರ. 1978ರಲ್ಲಿ ಹಿಂದೂಸ್ತಾನ್ ಟಿನ್ ವರ್ಕ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪುನರ್ನೇಮಕದೊಡನೆ ಹಿಂಬಾಕಿ ವೇತನ ಕೊಡುವುದೇ ಸಾಮಾನ್ಯ ನಿಯಮವೆಂದಿತು; ಆ ಸಂದರ್ಭದಲ್ಲಿ ಶೇಕಡಾ 75ರಷ್ಟನ್ನು ಕೊಡಿಸಿತು. ಕಾಲಕ್ರಮದಲ್ಲಿ ಗಾಳಿ ಬೇರೆಡೆಗೆ ಬೀಸಿತು. 2009ರ ಒಂದು ತೀರ್ಪಿನಲ್ಲಿ ದಿನಗೂಲಿ ನೌಕರನೊಬ್ಬನಿಗೆ ಕೆಲಸದ ಬದಲು 50,000 ರೂಪಾಯಿ ಪರಿಹಾರ ಸಾಕೆನ್ನಲಾಯಿತು. ನೋಟೀಸು ಕೊಡದಿರುವಂತಹ ಕ್ರಮದೋಷ ಮಾತ್ರವಿದ್ದಾಗ ದಿನಗೂಲಿಯವರಿಗೆ ಹಣವೇ ಯುಕ್ತವೆಂದು 2014ರಲ್ಲಿ ಅದೇ ನ್ಯಾಯಾಲಯ ವಿವರಿಸಿತು. ಆದರೆ ಕಿರಿಯರನ್ನು ಉಳಿಸಿಕೊಂಡು ಹಿರಿಯನನ್ನು ತೆಗೆದಿದ್ದರೆ ಕೆಲಸವನ್ನೇ ಕೊಡಬೇಕೆಂದೂ ಹೇಳಿತು. ಅದಕ್ಕೆ ಹಿಂದಿನ ವರ್ಷ, 2013ರಲ್ಲಿ, ಮಹಾರಾಷ್ಟ್ರದ ಶಿಕ್ಷಕಿಯೊಬ್ಬರಿಗೆ ಪೂರ್ಣ ಹಿಂಬಾಕಿ ಕೊಡಿಸುತ್ತ, ಅದನ್ನು ನಿರಾಕರಿಸುವುದೆಂದರೆ ತಪ್ಪು ಮಾಡಿದ ಮಾಲೀಕನಿಗೆ ಬಹುಮಾನ ಕೊಟ್ಟಂತೆಂಬ ಅಭಿಪ್ರಾಯವನ್ನು ಅದು ತಳೆದಿತ್ತು. ಕಾರ್ಮಿಕನ ವ್ಯಾಖ್ಯೆಗೆ ಒಳಪಡದ ಖಾಸಗಿ ಸಂಸ್ಥೆಯ ಮೇಲಧಿಕಾರಿಗಳ ಪಾಡು ಬೇರೆ: ಗೆದ್ದರೂ ಅವರಿಗೆ ಸಾಮಾನ್ಯವಾಗಿ ನಷ್ಟಪರಿಹಾರವೇ ಹೊರತು ಕುರ್ಚಿಯಿಲ್ಲ.

1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅಕ್ರಮ ವಜಾವನ್ನು ರದ್ದುಪಡಿಸಿ ಕೆಲಸ ಕೊಡಿಸುವ ಅಧಿಕಾರ ಅದರಲ್ಲಿಯೂ ಉಂಟು. ಮೇಲಿನ ನ್ಯಾಯಾಲಯದ ಭಯಕ್ಕೂ ಒಂದು ಮದ್ದಿದೆ. ಪುನರ್ನೇಮಕದ ಆಜ್ಞೆಯ ವಿರುದ್ಧ ಮಾಲೀಕನು ಅಲ್ಲಿಗೆ ಹೋದರೆ, ಬೇರೆಲ್ಲೂ ನೌಕರಿಯಲ್ಲಿಲ್ಲವೆಂದು ಪ್ರಮಾಣಪತ್ರ ಸಲ್ಲಿಸಿದ ಕಾರ್ಮಿಕನಿಗೆ ಕಡೆಯದಾಗಿ ಪಡೆದ ವೇತನವನ್ನು ವ್ಯಾಜ್ಯ ಮುಗಿಯುವವರೆಗೆ ಕೊಡುತ್ತಿರಬೇಕು. 1984ರಲ್ಲಿ ಹಳೆಯ ಕಾಯಿದೆಯ 17ಬಿ ಕಲಮಿನಿಂದ ಬಂದ ಈ ರಕ್ಷಣೆಯನ್ನು ಅರಿಯದೆ ಅಂಜಿ ಸಹಿ ಹಾಕಿದವರನ್ನು ನಾನು ಕಂಡಿದ್ದೇನೆ.

ಇಷ್ಟು ಹೇಳಿ ಕಾಗದ ತೆಗೆದು ಲೆಕ್ಕಕ್ಕೆ ಕುಳಿತೆವು. ಅವರ ಕಡೆಯ ವೇತನ ತಿಂಗಳಿಗೆ 18,000. ಒಂಬತ್ತು ವರ್ಷಕ್ಕೆ 19,44,000. ಅದರ ಅರ್ಧ 9,72,000. ಗೃಹಿಣಿ ಆ ಅಂಕೆಯನ್ನು ಎರಡು ಬಾರಿ ಓದಿದರು. ಗಿರಣಿಯವರ ಆರು ಲಕ್ಷವು ಕೆಲಸದ ಬೆಲೆಯಿರಲಿ, ಈಗಾಗಲೇ ಕೊಡಬೇಕಾದ ಬಾಕಿಗೂ ಸಾಲದು! ನಿವೃತ್ತಿಗೆ ಇನ್ನೂ ಏಳು ವರ್ಷವಿದೆ. ಗ್ರಾಚ್ಯುಯಿಟಿ, ಭವಿಷ್ಯನಿಧಿಗಳು ಇದರಿಂದ ಬೇರೆಯೇ. ಅವನ್ನೂ ರಾಜಿಯ ಮೊತ್ತದೊಳಗೆ ಮುಳುಗಿಸುವ ಜಾಣತನ ಕೆಲವೆಡೆ ನಡೆಯುತ್ತದೆ.

ಹಣ ಪಡೆಯುವುದು ಹೇಡಿತನವೆಂದು ನಾನೆನ್ನಲಾರೆ. ಗಿರಣಿ ಮುಚ್ಚಿಹೋಗಿದ್ದರೆ, ದೇಹ ಸೋತಿದ್ದರೆ, ಒಳಗೆ ಹೋದವನನ್ನು ದಿನವೂ ಹಂಗಿಸುವರೆಂಬುದು ಖಚಿತವಿದ್ದರೆ, ಹಣವೇ ಲೇಸು. ಆದರೆ ಇವರ ಯಂತ್ರ ಇಂದಿಗೂ ತಿರುಗುತ್ತಿದೆ, ಕೈಗಳು ಗಟ್ಟಿಯಾಗಿವೆ. ಕೆಲಸವನ್ನೇ ಕೇಳಿರೆಂದೆ. ಒಂದು ವೇಳೆ ರಾಜಿಯೇ ಆದರೆ, ಬಾಕಿಯ ಮೇಲೆ ಉಳಿದ ವರ್ಷಗಳ ಲೆಕ್ಕವೂ ಸೇರಲಿ, ಕಳವಿನ ಆಪಾದನೆಯನ್ನು ಹಿಂತೆಗೆದುಕೊಂಡಿರುವುದಾಗಿ ಗಿರಣಿಯವರು ಬರೆದುಕೊಡಲಿ, ಸಹಿಗೆ ಮುನ್ನ ವಕೀಲರು ಓದಲಿ ಎಂದೆ.

ಕಾಗದವನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತ ಆ ತಾಯಿ, “ಹಾಗಾದರೆ ಕಳವಿನ ಮಾತು ಮೊದಲನೆಯ ಸಾಲಿನಲ್ಲಿಯೇ ಬರಲಿ, ಹಣದ್ದು ಆಮೇಲೆ” ಎಂದರು. ಗೃಹಸ್ಥರು ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು.