ಖಾತೆಯಿಲ್ಲದ ಮನೆಗೆ ಯಾರು ಬರ್ತಾರೆ?

ಭೂಕಂಪಕ್ಕೆ ಜಾತಿ ಗೊತ್ತಿಲ್ಲ ಅಂತಾರೆ. ಗೋಡೆ ಗೊತ್ತು. ಮಣ್ಣಿನದೋ ಕಾಂಕ್ರೀಟಿನದೋ, ಎಷ್ಟು ಹಳೆಯದು, ಎಷ್ಟು ಅಂತಸ್ತು ಅನ್ನುವ ಲೆಕ್ಕ ನಗರಸಭೆಯ ತೆರಿಗೆ ಕಡತದಲ್ಲೂ ಒಂದಿಷ್ಟು ಇರುತ್ತೆ. ಅದನ್ನು ಮೊದಲೇ ನಕ್ಷೆಗೆ ಇಳಿಸಿದರೆ, ನೆಲ ನಡುಗಿದ ದಿನ ಜೆಸಿಬಿ, ಆಂಬುಲೆನ್ಸ್ ಮೊದಲು ಯಾವ ಓಣಿಗೆ ಓಡಬೇಕೋ ತಿಳಿಯುತ್ತೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ 2013ರಲ್ಲಿ ಕಾನೂನು ಮಾಡಿ, 1978ಕ್ಕೆ ಮುಂಚಿನ, ಕೆಳ ಅಂತಸ್ತು ದುರ್ಬಲವಾದ ದೊಡ್ಡ ಮರದ ಕಟ್ಟಡಗಳನ್ನು ಗುರುತಿಸಿ ಭದ್ರಪಡಿಸಲು ಹೊರಟಿತು. ಒಳ್ಳೇ ಕೆಲಸ.

ಆದರೆ ಆಸ್ತಿ ದಾಖಲೆ ನೋಡಿ ಜನರನ್ನು ಅಳೆದರೆ ಏನಾಗುತ್ತೆ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆ ಲಾತೂರಿನ ಕಿಲ್ಲಾರಿ ಕುಸಿಯಿತು. ಆ ಸೀಮೆಯ ಕಲ್ಲುಮಣ್ಣಿನ ಮನೆಗಳಡಿ ಸಾವಿರಾರು ಜನ ಹೂತುಹೋದರು. ಊರುಗಳನ್ನು ಬೇರೆಡೆ ಕಟ್ಟುವಾಗ ಭೂಹೀನರಿಗೆ, ಒಂದು ಹೆಕ್ಟೇರಿನೊಳಗಿನವರಿಗೆ 250 ಚದರಡಿ ಮನೆ. ಏಳು ಹೆಕ್ಟೇರಿಗಿಂತ ಹೆಚ್ಚಿದ್ದವನಿಗೆ 750! ಮನೇಲಿ ಎಷ್ಟು ಜನ ಅಂತ ಕೇಳಲಿಲ್ಲ, ಎಷ್ಟು ಹೊಲ ಅಂತ ಕೇಳಿದರು.

ಕಡತದಲ್ಲಿ ಮಾಲೀಕನ ಹೆಸರಿರುತ್ತೆ, ಅಲ್ಲಿ ಮಲಗುವವರ ಹೆಸರಿರೋದಿಲ್ಲ. ಖಾತೆಯಿಲ್ಲದ ಗುಡಿಸಲು, ಒಂದೇ ಕೋಣೇಲಿ ಬಾಡಿಗೆಗಿರುವ ಎಂಟು ಕೂಲಿಗಳು ನಕ್ಷೆಯಲ್ಲಿ ಖಾಲಿ ಜಾಗ. ಖಾಲಿ ಜಾಗಕ್ಕೆ ಜೆಸಿಬಿ ಬರೋದು ಒಕ್ಕಲೆಬ್ಬಿಸೋಕೆ ಮಾತ್ರ.

ಹಾಗಂತ ನಕ್ಷೆ ಬೇಡ ಅನ್ನೋಣವೇ? ಬೇಕು. ನಾವೂ ಅದರಲ್ಲಿರಬೇಕು. ಹಾಸ್ಟೆಲಿನ ಗೆಳೆಯರೇ, ಈ ರಜೆಯಲ್ಲಿ ನಿಮ್ಮ ಕೇರಿಯ, ಸ್ಲಮ್ಮಿನ ಮನೆ ಮನೆ ಎಣಿಸಿ. ಗೋಡೆ ಯಾವುದು, ಸೂರು ಯಾವುದು, ರಾತ್ರಿ ಎಷ್ಟು ಜನ ಮಲಗ್ತಾರೆ, ಎದ್ದು ಓಡಲಾರದ ಮುದುಕರೆಷ್ಟು, ಬರೆಯಿರಿ. ಆ ಪಟ್ಟಿ ಹಿಡಿದು ನಗರಸಭೆಗೆ ನಡೆಯೋಣ. ಹೆಣ ಎಣಿಸೋಕೆ ಮುಂಚೆ ನಮ್ಮ ತಲೆ ಎಣಿಸಲಿ.