ಚಕ್ರ ಕಳಚುವ ಮುನ್ನ ಕನ್ನಡದಲ್ಲಿ ಹೇಳಿ!

ಬೆಂಗಳೂರು, ಮೈಸೂರುಗಳಲ್ಲಿ ದುಡಿಯುತ್ತಿರುವ ಕನ್ನಡದ ಹುಡುಗರೇ, ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಕಳೆದ ಸಲ ಕಾರನ್ನು ಸರ್ವೀಸಿಗೆ ಬಿಟ್ಟಾಗ ಗ್ಯಾರೇಜಿನವರು ಕೈಗಿಟ್ಟ ಚೀಟಿಯನ್ನು ಓದಿದಿರಾ? ಕೊನೆಯ ಸಾಲಿನ ಮೊತ್ತವನ್ನಲ್ಲ, ಚೀಟಿಯನ್ನು!

ಓದಿಲ್ಲ. ನನಗೆ ಗೊತ್ತು. ನಾನೂ ಓದಿರಲಿಲ್ಲ. ಓದದೆ ಇದ್ದದ್ದಕ್ಕೆ ಮಗಳ ಜೀವವನ್ನೇ ಕಳೆದುಕೊಳ್ಳುವವನಿದ್ದೆ.

ನಾನು ಹುಣಸೂರಿನಲ್ಲಿ ಪ್ರೆಸ್ ನಡೆಸುವವನು. ಪಿಯುಸಿ ಮುಗಿಸಿ ಮಸಿ ಮುಟ್ಟಿದ ಕೈ ಇದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲೂಕಿನ ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ ನನ್ನ ಹೊಟ್ಟೆಪಾಡು. ಕಾಗದ ತರಲು ಮೈಸೂರಿಗೆ, ಅಚ್ಚಾದದ್ದನ್ನು ತಲುಪಿಸಲು ಕೋಟೆಗೆ, ಕೆ.ಆರ್. ನಗರಕ್ಕೆ ಓಡಾಡಲು ಒಂದು ಹಳೆಯ ಕಾರಿದೆ.

ಎರಡು ವರ್ಷದ ಹಿಂದೆ ಆ ಕಾರಿನ ಮುಂದಿನ ಎಡಗಡೆಯಿಂದ ಟಕ್ ಟಕ್ ಸದ್ದು ಶುರುವಾಯಿತು. ಒಂದು ಗ್ಯಾರೇಜಿಗೆ ಬಿಟ್ಟೆ. ಆಯಿಲ್ ಬದಲಾಯಿಸಿ, ಬ್ರೇಕ್ ನೋಡಿ, ಚೀಟಿ ಕೊಟ್ಟರು. ದುಡ್ಡು ಕೊಟ್ಟೆ, ಚೀಟಿ ಜೇಬಿಗಿಳಿಸಿದೆ. ಆರು ವಾರ ಕಳೆದು, ಮಗಳನ್ನು ಕೂರಿಸಿಕೊಂಡು ಕೋಟೆ ರಸ್ತೆಯಲ್ಲಿ ಹೋಗುತ್ತಿದ್ದಾಗ ಬಣ್ಣವಿಲ್ಲದ ಒಂದು ಹಂಪ್ ಎದುರಾಯಿತು. ಧಡ್! ಎಡ ಚಕ್ರ ಮಡಚಿಕೊಂಡು ಹೊರಕ್ಕೆ ವಾಲಿತು. ಸ್ಟಿಯರಿಂಗ್ ಕೈಯಲ್ಲಿದ್ದರೂ ಕಾರು ನನ್ನ ಮಾತು ಕೇಳಲಿಲ್ಲ. ರಾಗಿ ಹೊಲದ ಅಂಚಿಗೆ ಹೋಗಿ ನಿಂತಿತು. ಹಿಂದೆ ತಂಬಾಕಿನ ಬೇಲು ಹೇರಿಕೊಂಡು ಬರುತ್ತಿದ್ದ ಲಾರಿಯವನು ಬ್ರೇಕ್ ಹೊಡೆಯದಿದ್ದರೆ ಇವತ್ತು ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಮನೆಗೆ ಬಂದು ಆ ಚೀಟಿ ಹುಡುಕಿದೆ. ಅದರಲ್ಲಿ ಇಂಗ್ಲಿಷಿನ ಕಿರುಗೀಚು: ‘ಎಲ್.ಎಚ್. ಬಿ.ಜೆ. ಪ್ಲೇ, ಅಡ್ವ. ರಿಪ್ಲ.’ ಅಂದರೆ ‘ಎಡಗಡೆ ಬಾಲ್ ಜಾಯಿಂಟ್ ಸವೆದು ಅಲ್ಲಾಡುತ್ತಿದೆ, ಬದಲಾಯಿಸಿ’ ಎಂದು! ಗ್ಯಾರೇಜಿನವನು ಕಂಡಿದ್ದ, ಬರೆದೂ ಇದ್ದ. ನನಗೆ ಹೇಳಿರಲಿಲ್ಲ, ಅಷ್ಟೇ. ಚೀಟಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರಿತ್ತು. ಮುದ್ರಿಸಿದವರ ಹೆಸರು. ಅದು ನನ್ನದೇ ಪ್ರೆಸ್ಸು!

ಹೌದು ಸ್ವಾಮಿ, ಆ ಇಂಗ್ಲಿಷ್ ಪುಸ್ತಕ ಅಚ್ಚು ಹಾಕಿದವನು ನಾನೇ. ‘ಇಂಗ್ಲಿಷಿನಲ್ಲಿದ್ದರೆ ಗೌರವ’ ಅಂದರು, ಹಾಕಿಕೊಟ್ಟೆ. ನಾಚಿಕೆಗೇಡು! ಅದಕ್ಕೆ ಪ್ರಾಯಶ್ಚಿತ್ತವಾಗಿ ನಾನು ಕಲಿತದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಹಬ್ಬಕ್ಕೆ ಊರಿಗೆ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಬರುವವರು ಕತ್ತರಿಸಿ ಇಟ್ಟುಕೊಳ್ಳಿ.

ಕಾರು ಕೂಗುತ್ತದೆ, ಕಿವಿಗೊಡಿ

ಸಣ್ಣ ಹಳ್ಳಕೊಳ್ಳದ ರಸ್ತೆಯಲ್ಲಿ, ನಿಧಾನಕ್ಕೆ ಹೋಗುವಾಗ ಟಕಟಕ ಎಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಅದು ಅಗ್ಗದ ಭಾಗ. ಬ್ರೇಕ್ ಒತ್ತಿದಾಗ ಅಥವಾ ಗಾಡಿ ಹೊರಟಾಗ ಒಮ್ಮೆ ‘ದಡ್’ ಎಂದು, ಕಾರು ಒಂದು ಕಡೆಗೆ ಎಳೆದರೆ ಲೋವರ್ ಆರ್ಮಿನ ರಬ್ಬರ್ ಬುಷ್ ಹರಿದಿರಬಹುದು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಕಿರ್ರೆಂದರೆ, ಸ್ಪ್ರಿಂಗ್ ‘ಠಣ್’ ಎಂದರೆ ಸ್ಟ್ರಟ್ಟಿನ ಮೇಲ್ತುದಿಯ ಮೌಂಟ್ ಅಥವಾ ಬೇರಿಂಗ್ ನೋಡಿಸಿ. ಶಾಕ್ ಅಬ್ಸಾರ್ಬರಿನಿಂದ ಆಯಿಲ್ ಜಿನುಗುತ್ತಿದ್ದರೆ, ಮೂಲೆಯನ್ನು ಒತ್ತಿ ಬಿಟ್ಟಾಗ ಕಾರು ಕುಣಿಯುತ್ತಲೇ ಇದ್ದರೆ, ಅದರ ಕಾಲ ಮುಗಿದಿದೆ. ಟೈರಿನ ಒಳ ಅಂಚು ಮಾತ್ರ ಬೋಳಾಗುತ್ತಿದ್ದರೆ ಟೈರಿನವನನ್ನು ಬೈಯಬೇಡಿ. ಅಲೈನ್‌ಮೆಂಟ್ ಮತ್ತು ಸವೆದ ಕೀಲುಗಳನ್ನು ಪರೀಕ್ಷಿಸಿ.

ಇನ್ನು ಕೈಯಲ್ಲಿ ನೋಡುವ ಬಗೆ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು, ಜ್ಯಾಕಿನ ಜೊತೆಗೆ ಸ್ಟ್ಯಾಂಡ್. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕುವವನು ಮೂರ್ಖ! ಮುಂದಿನ ಚಕ್ರವನ್ನು ಗಡಿಯಾರ ಎಂದುಕೊಳ್ಳಿ. 12ರಲ್ಲಿ ಒಂದು ಕೈ, 6ರಲ್ಲಿ ಒಂದು ಕೈ ಇಟ್ಟು ಅಲ್ಲಾಡಿಸಿ. ಲೊಡಲೊಡ ಎಂದರೆ ಬಾಲ್ ಜಾಯಿಂಟ್ ಇಲ್ಲವೇ ಚಕ್ರದ ಬೇರಿಂಗ್. ಯಾವುದೆಂದು ತಿಳಿಯಲು ಗೆಳೆಯನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಅಲ್ಲಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. 3 ಮತ್ತು 9ರಲ್ಲಿ ಅಲ್ಲಾಡಿದರೆ ಟೈ ರಾಡ್ ಎಂಡ್ ಕಡೆ ನೋಡಿ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಗ್ರೀಸ್ ಹೊರಬಂದಿದ್ದರೆ ಒಳಗೆ ಮಣ್ಣು ನೀರು ಸೇರಿಯಾಯಿತು. ಲಿಂಕ್ ರಾಡ್ ಸದ್ದನ್ನು ನಾಲ್ಕು ದಿನ ತಡೆದುಕೊಳ್ಳಬಹುದು. ಸವೆದ ಬಾಲ್ ಜಾಯಿಂಟಿಗೆ, ಟೈ ರಾಡಿಗೆ ಒಂದು ದಿನವೂ ಕೊಡಬೇಡಿ.

ಬದಲಾಯಿಸುವಾಗ ಎದುರಿಗೆ ನಿಲ್ಲಿ

ಕೆಲವು ಕಾರಿನಲ್ಲಿ ಬಾಲ್ ಜಾಯಿಂಟ್ ಮಾತ್ರ ಬಿಚ್ಚಬಹುದು, ಕೆಲವಲ್ಲಿ ಆರ್ಮ್ ಪೂರ್ತಿ ಹಾಕಬೇಕು. ನಿಮ್ಮದು ಯಾವುದೆಂದು ಮೊದಲೇ ಕೇಳಿ. ಶಾಕ್ ಅಬ್ಸಾರ್ಬರನ್ನು ಎರಡೂ ಕಡೆ ಒಟ್ಟಿಗೆ ಹಾಕಿಸಿ. ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ಕಂಪ್ರೆಸರ್ ಇರುವವನಿಗೇ ಬಿಡಿ, ಎಗರಿದ ಸ್ಪ್ರಿಂಗ್ ತಲೆ ಒಡೆಯುತ್ತದೆ. ಸ್ಪ್ಲಿಟ್ ಪಿನ್ ಇರುವಲ್ಲಿ ಹಳೆಯದನ್ನೇ ಬಗ್ಗಿಸಿ ಹಾಕಗೊಡಬೇಡಿ. ಬಹುಪಾಲು ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯದಾಗಿ ಬಿಗಿಯಬೇಕಾದದ್ದು ಕಾರಿನ ಭಾರ ಚಕ್ರದ ಮೇಲೆ ಕುಳಿತ ಮೇಲೆ. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ‘ಡೂಪ್ಲಿಕೇಟ್ ಮಾಲು’ ಎಂದು ಬೈದುಕೊಳ್ಳುವ ಎಷ್ಟೋ ಬುಷ್‌ಗಳು ಸತ್ತದ್ದು ಹೀಗೆ! ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ತಪ್ಪಿಸಬೇಡಿ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆದು, ಕಣ್ಣಾರೆ ನೋಡಿ.

ಬೋರ್ಡಿಗೆ ಕನ್ನಡ, ಬಿಲ್ಲಿಗೆ?

ಇಷ್ಟು ಹೇಳಲು ನನಗೆ ಯಾವ ಇಂಗ್ಲಿಷ್ ಬೇಕಾಯಿತು? ಕನ್ನಡಕ್ಕೆ ತಾಂತ್ರಿಕ ವಿಷಯ ಹೇಳುವ ಶಕ್ತಿ ಇಲ್ಲ ಎನ್ನುವ ಮಹಾಶಯರು ನಮ್ಮ ಕಡೆಯ ಯಾವುದೇ ಮೆಕ್ಯಾನಿಕ್ ಶೆಡ್ಡಿನಲ್ಲಿ ಒಂದು ಗಂಟೆ ಕೂರಲಿ. ಅಲ್ಲಿನ ಹುಡುಗರು ಸವೆದಿದೆ, ಸಡಿಲವಾಗಿದೆ, ಹರಿದಿದೆ, ಜಿನುಗ್ತಿದೆ ಎಂದು ಕಾರಿನ ರೋಗವನ್ನೆಲ್ಲ ಕನ್ನಡದಲ್ಲೇ ಹೇಳುತ್ತಾರೆ. ಚೀಟಿಗೆ ಬರುವ ಹೊತ್ತಿಗೆ ಮಾತ್ರ ಆ ಕನ್ನಡ ಎಲ್ಲಿ ಸಾಯುತ್ತದೆ?

ಬಾಲ್ ಜಾಯಿಂಟಿಗೆ ಯಾರ ನಾಲಿಗೆಗೂ ದಕ್ಕದ ಸಂಸ್ಕೃತದ ಹೆಸರು ಹುಡುಕಿ ಎಂದು ನಾನು ಹೇಳುತ್ತಿಲ್ಲ. ಅದು ಬಾಲ್ ಜಾಯಿಂಟೇ ಇರಲಿ. ಆದರೆ ‘ಸವೆದಿದೆ, ಅಪಾಯ, ಈ ವಾರವೇ ಬದಲಾಯಿಸಿ’ ಎಂಬ ಮಾತು ಕನ್ನಡದಲ್ಲಿರಲಿ. ಜೀವ ಉಳಿಸುವುದು ಆ ಮಾತು.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2024ರ ತಿದ್ದುಪಡಿ, ಇವೆಲ್ಲದರಿಂದ ನಾಮಫಲಕದಲ್ಲಿ ಶೇ. 60 ಕನ್ನಡ ಬಂತು. ಸಂತೋಷ. ಆದರೆ ಹೊರಗಿನ ಬೋರ್ಡಿಗೆ ಶೇ. 60, ಒಳಗಿನ ಬಿಲ್ಲಿಗೆ ಸೊನ್ನೆ! ಬೋರ್ಡ್ ನೋಡಿ ಒಳಗೆ ಹೋಗುವವನು ಕನ್ನಡಿಗ, ಬಿಲ್ ನೋಡಿ ಹೊರಗೆ ಬರುವವನು ಅನಕ್ಷರಸ್ಥ! ಬೋರ್ಡಿಗಾಗಿ ಬೀದಿಗಿಳಿದ ನಾವು ಬಿಲ್ಲಿಗಾಗಿ ಒಂದು ಮಾತನ್ನಾದರೂ ಆಡಿದೆವೇ?

ಗೆಳೆಯರೇ, ಇದಕ್ಕೆ ಕಲ್ಲು ಬೇಡ, ಮಸಿ ಬಳಿಯುವುದೂ ಬೇಡ. ಮುಂದಿನ ಸಲ ಕೌಂಟರಿನ ಎದುರು ನಿಂತು, ‘ಅಣ್ಣಾ, ಏನು ಕೆಟ್ಟಿದೆ, ಏನು ಹಾಕಿದಿರಿ, ಏನು ಬಾಕಿ ಇದೆ, ಕನ್ನಡದಲ್ಲಿ ಬರೆದುಕೊಡಿ’ ಎನ್ನಿ. ಬರೆಯುವವರೆಗೆ ದುಡ್ಡು ತೆಗೆಯಬೇಡಿ. ಬಿಲ್ಲೇ ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅದು ಅನುಚಿತ ವ್ಯಾಪಾರ. 1915ಕ್ಕೆ ಫೋನ್ ಮಾಡಿ. ನಿಮ್ಮ ಅಪ್ಪ ಊರಿನಲ್ಲಿ ಅದೇ ಕಾರು ಓಡಿಸುತ್ತಾರೆ ಎನ್ನುವುದು ನೆನಪಿರಲಿ. ಅವರಿಗೆ ಓದಲು ಬರುವ ಚೀಟಿ ಬೇಕು.

ನನ್ನ ಪಾಲಿನ ಕೆಲಸ ಶುರು ಮಾಡಿದ್ದೇನೆ. ಗ್ಯಾರೇಜಿನವರು ಬಿಲ್ ಪುಸ್ತಕಕ್ಕೆ ಬಂದರೆ ಮೊದಲು ಕನ್ನಡದ ಮಾದರಿಯನ್ನೇ ಮುಂದಿಡುತ್ತೇನೆ. ಮೊಳೆ ಜೋಡಿಸುವ ಕೂಲಿ ಬೇಡ ಎನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಒಪ್ಪುತ್ತಾರೆ. ನಕ್ಕವರಿಗೆ ಡ್ರಾಯರಿನಿಂದ ಆ ಹಳೆಯ ಚೀಟಿ ತೆಗೆದು ತೋರಿಸುತ್ತೇನೆ. ಆಮೇಲೆ ಯಾರೂ ನಗುವುದಿಲ್ಲ.